ಐವತ್ತೈದು ಕಿಲೋದ ಪುಂಡಲೀಕ

ನಮ್ಮ ಕಡೆ ಊರ ಪಂದ್ಯಾವಳಿಗಳಲ್ಲಿ ಕಬಡ್ಡಿ ಆಡುವ ಹುಡುಗರನ್ನು ವಯಸ್ಸಿನಿಂದ ವಿಂಗಡಿಸುವುದಿಲ್ಲ, ಕಿಲೋದಿಂದ ವಿಂಗಡಿಸುತ್ತಾರೆ. ಐವತ್ತು ಕಿಲೋ ಪಂದ್ಯ, ಐವತ್ತೈದು ಕಿಲೋ ಪಂದ್ಯ, ಅರವತ್ತು ಕಿಲೋ ಪಂದ್ಯ ಎಂದು ಊರಬಾಗಿಲಿಗೆ ಫ್ಲೆಕ್ಸ್ ಕಟ್ಟುತ್ತಾರೆ. ಆಟದ ದಿನ ಬೆಳಿಗ್ಗೆ ಹುಡುಗರು ಚಡ್ಡಿಯ ಮೇಲೆ ಸಾಲಾಗಿ ನಿಂತು ತೂಕದ ಕಾಟಾ ಹತ್ತಬೇಕು. ತೂಕ ಮೀರದಿದ್ದರೆ ಮುಂಗೈಗೆ ಮಸಿಯ ಶಿಕ್ಕಾ ಒತ್ತುತ್ತಾರೆ. ಮೀರಿದರೆ ಆ ಹುಡುಗ ಗಿಡದ ಕೆಳಗೆ ಕುಳಿತು ಉಳಿದವರ ಅಂಗಿ ಕಾಯಬೇಕು. ಎತ್ತರದ, ಬಲಿತ, ಚೆನ್ನಾಗಿ ಆಡುವ ಹುಡುಗನನ್ನು ಹೇಗಾದರೂ ಮಾಡಿ ಸಣ್ಣ ಕಿಲೋದೊಳಗೆ ತುರುಕಿದರೆ ಊರಿಗೆ ಕಪ್ ಬಂದಂತೆಯೇ. ನನ್ನ ತಮ್ಮ ಪುಂಡಲೀಕನನ್ನು ಬೆಳೆಯುವ ವಯಸ್ಸಿನುದ್ದಕ್ಕೂ ಹೀಗೆ ತುರುಕಿದರು.

ನಾನು ಸುಚಿತ್ರಾ, ಅವನ ಅಕ್ಕ. ಹಾವೇರಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಅಂತ ತವರೂರು ಕರ್ಜಗಿಯಲ್ಲಿ ಹೇಳುತ್ತಾರೆ, ಹೇಳಲಿ. ಮೊನ್ನೆ ಪುಂಡಲೀಕ ಸಿಮೆಂಟು ಸಾಗಿಸುವ ತನ್ನ ಟಂಟಂ ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ ಚಹಾ ಕುಡಿದು ಹೋದ. ಅವನು ಆಚೆ ಹೋಗುತ್ತಲೇ, ಹೆಂಡತಿಯ ಕುಪ್ಪಸ ಒಯ್ಯಲು ಬಂದಿದ್ದ ನಮ್ಮೂರಿನವನೊಬ್ಬ ಅಂದ: "ಐವತ್ತೈದು ಕಿಲೋ ಪುಂಡಲೀಕ ಅಲ್ಲೇನ ಇಂವ? ಎಂಥಾ ಆಟಗಾರ ಇದ್ದ. ಶಿಸ್ತು ಇರಲಿಲ್ಲ ನೋಡ, ಹಾಳಾದ." ಶಿಸ್ತು ಇರಲಿಲ್ಲವಂತೆ. ಹೇಳಿದವನು ಯಾರು? ನನ್ನ ತಮ್ಮ ಗೆದ್ದ ಕಪ್ಪಿನ ಮೆರವಣಿಗೆಯಲ್ಲಿ ಹಲಗೆ ಬಾರಿಸುವವರ ಮುಂದೆ ಕುಣಿದವನು. ಅವನಿಗೆ ಅಲ್ಲಿಯೇ ಮುಖಕ್ಕೆ ಹೇಳುವುದನ್ನು ಹೇಳಿದೆ, ಕುಪ್ಪಸ ಮಡಚಿ ಕೈಗೆ ಕೊಟ್ಟು ಕಳಿಸಿದೆ. ಆದರೂ ಹೊಟ್ಟೆಯ ಉರಿ ಆರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡಾಗ ಪುಂಡಲೀಕ ಇನ್ನೂ ಕನ್ನಡ ಶಾಲೆಯ ಹುಡುಗ. ಬಿತ್ತನೆಗೆ, ಒಕ್ಕಣೆಗೆ, ನನ್ನ ಮದುವೆಗೆ, ಎಲ್ಲದಕ್ಕೂ ಹೆಗಲು ಕೊಟ್ಟು ನಿಂತವನು ನಮ್ಮವ್ವ ಉಚ್ಚಂಗೆವ್ವನ ಅಣ್ಣ ತಿರಕಪ್ಪ, ನಮ್ಮ ಸೋದರಮಾವ. ಊರ ನಡುವೆ ಅವನ ಹಿಟ್ಟಿನ ಗಿರಣಿ. ಹರೆಯದಲ್ಲಿ ಅವನೂ ಐವತ್ತು ಕಿಲೋ ಆಟದಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹೆಸರಾದವನು. ಮದುವೆಯಾಯಿತು, ಮೈ ಬಂತು, ಆಟ ಹೋಯಿತು. ಆಮೇಲೆ ಹುಡುಗರನ್ನು ತಯಾರು ಮಾಡಲು ನಿಂತ. ಗಿರಣಿಯ ಹಿಂದಿನ ಬಯಲಿನಲ್ಲಿ ಕಲ್ಲು ಆರಿಸಿ, ಕೆಂಪು ಮಣ್ಣು ಹೊಡೆಸಿ, ಅಂಕಣ ಮಾಡಿದ. ನಸುಕಿನಲ್ಲೇ ಹುಡುಗರ ಮನೆ ಬಾಗಿಲು ಬಡಿದು ಎಬ್ಬಿಸಿ ಕರೆದೊಯ್ಯುತ್ತಿದ್ದ. ಯಾವ ಹುಡುಗನ ಕಾಲು ಉಳುಕಿದರೂ ತಾನೇ ಕುಳಿತು ಎಣ್ಣೆ ತಿಕ್ಕುತ್ತಿದ್ದ. ಅವನು ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಕೆಟ್ಟವನಲ್ಲ, ಅದೇ ನನ್ನ ಸಂಕಟ.

ಪುಂಡಲೀಕನನ್ನು ಅವನು ಆರಿಸಿದ್ದು ಓಣಿಯಲ್ಲಿ ಮುಟ್ಟಾಟ ಆಡುವಾಗ. ಆ ಹುಡುಗನನ್ನು ಯಾರೂ ಮುಟ್ಟಲಾಗುತ್ತಿರಲಿಲ್ಲ. ಎದುರಿನವನ ಕಣ್ಣು ನೋಡಿಯೇ ಅವನು ಯಾವ ಕಡೆ ಬರುತ್ತಾನೆಂದು ತಿಳಿದುಬಿಡುತ್ತಿದ್ದ. ಮಾವ ಗಿರಣಿಯ ಕಟ್ಟೆಯ ಮೇಲೆ ಕುಳಿತು ನೋಡಿದ್ದೇ, ಎದ್ದು ಬಂದು ಅವನ ರಟ್ಟೆ ಹಿಡಿದು, "ನಾಳಿಂದ ಬಾ" ಅಂದ. ಅಷ್ಟೇ ಮಾತು. ಎರಡು ವರ್ಷ ಕಳೆಯುವುದರೊಳಗೆ ಪುಂಡಲೀಕ ರೇಡಿಗೆ ಹೋದರೆ ಎದುರಿನ ಊರಿನವರು ಮಾತು ನಿಲ್ಲಿಸುತ್ತಿದ್ದರು. ಹೋಗುತ್ತಿದ್ದ, ಕಾಲು ಚಾಚಿ ಒಬ್ಬನ ಹೆಬ್ಬೆರಳು ಮುಟ್ಟುತ್ತಿದ್ದ, ಅವನಿಗೆ ಮುಟ್ಟಿದ್ದು ತಿಳಿಯುವ ಮೊದಲೇ ಗೆರೆ ದಾಟಿ ಈಚೆ ಬಂದಿರುತ್ತಿದ್ದ. ನನಗೂ ಹೆಮ್ಮೆಯಿತ್ತು, ಇಲ್ಲವೆನ್ನಲಾರೆ.

ತೊಂದರೆ ಶುರುವಾದದ್ದು ಅವನು ಬೆಳೆಯತೊಡಗಿದಾಗ. ಹದಿನಾರು ತುಂಬುತ್ತಲೇ ಹುಡುಗ ಹಿಂಗಾರಿ ಜೋಳದಂತೆ ಎದ್ದ. ಬೇರೆ ಮನೆಯಲ್ಲಾದರೆ ಹುಡುಗ ಬೆಳೆದನೆಂದು ಖುಷಿ ಪಡುತ್ತಾರೆ. ನಮ್ಮ ಮನೆಯಲ್ಲಿ ಮಾವನ ಮುಖ ಸಣ್ಣದಾಯಿತು. ಪ್ರತಿ ಶನಿವಾರ ಗಿರಣಿಯ ಕಾಟಾದಿಂದ ಜೋಳದ ಚೀಲ ಇಳಿಸಿ ಹುಡುಗರನ್ನು ಹತ್ತಿಸಿ ನೋಡುವುದು ಅವನ ರೂಢಿ. ಪುಂಡಲೀಕ ಐವತ್ತೈದಕ್ಕೆ ಬಂದು ಮುಟ್ಟಿದ ಶನಿವಾರ ಮಾವ ಸೀದಾ ನಮ್ಮ ಅಡಿಗೆಮನೆಗೆ ಬಂದ. ನಾನೂ ಅವತ್ತು ತವರಿಗೆ ಹೋಗಿದ್ದೆ.

"ಉಚ್ಚಂಗಿ, ಹುಡುಗಗ ಸಂಜಿಕೆ ಒಂದ ರೊಟ್ಟಿ ಸಾಕು. ಮಜ್ಜಿಗಿ ಕೊಡು, ಮೊಸರು ಬ್ಯಾಡ" ಎಂದ.

"ಬೆಳಿಯೋ ಹುಡುಗ ಅಣ್ಣಾ. ಅಂವ ಹಸದು ಮಲಗಿದ್ರ ನನಗ ನಿದ್ದಿ ಬರಂಗಿಲ್ಲ" ಎಂದಳು ಅವ್ವ.

"ಬರಲಿಲ್ಲಂದ್ರ ಎದ್ದು ಕುಂದ್ರು. ಕಪ್ ತಂದ ದಿನ ಮಲಗೀಯಂತ."

ಅವ್ವ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು. ಅಣ್ಣನ ಮಾತು ಮೀರಿ ಅವಳಿಗೆ ಗೊತ್ತಿಲ್ಲ. ನಾನು ಸುಮ್ಮನಿರಲಿಲ್ಲ. "ಮಾವ, ಅಂವ ಮನಶಾ ಅದಾನ, ಗಿರಣಿಗೆ ಬಂದ ಜೋಳದ ಚೀಲ ಅಲ್ಲ" ಅಂದೆ. ಮಾವ ನಕ್ಕ. "ನೀ ಲಂಗಾ ಹೊಲಿಯವ್ವಾ, ಆಟ ನನಗ ಬಿಡು" ಎಂದು ಎದ್ದು ಹೋದ. ಪುಂಡಲೀಕ ತಲೆ ತಗ್ಗಿಸಿಕೊಂಡು ಒಂದು ರೊಟ್ಟಿ ತಿಂದು ಕೈ ತೊಳೆದ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹಸಿವೆಂಬುದು ವ್ರತದಂತಾಯಿತು. ಪಂದ್ಯ ಹತ್ತಿರ ಬಂತೆಂದರೆ ಬಿರುಬಿಸಿಲಿನಲ್ಲಿ ಸ್ವೆಟರಿನ ಮೇಲೆ ರೇನ್‌ಕೋಟು ಹಾಕಿಸಿ ಓಡಿಸುತ್ತಿದ್ದ ಮಾವ. ತೂಕದ ಹಿಂದಿನ ದಿನ ನೀರು ಬಂದ್. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಉಗುಳುತ್ತ ಕೂಡಬೇಕು, ಅಷ್ಟು ಎಂಜಲಾದರೂ ಹೋಗಲಿ ಅಂತ. ತಲೆ ಬೋಳಿಸಿದ್ದೂ ಉಂಟು. ನಾನು ಹಾವೇರಿಯಿಂದ ಶೇಂಗಾ ಉಂಡೆ ಕಟ್ಟಿಕೊಂಡು ಹೋದರೆ ಅವನು ಡಬ್ಬಿಯ ಮುಚ್ಚಳ ತೆಗೆದು ವಾಸನೆ ನೋಡಿ ಮತ್ತೆ ಮುಚ್ಚುತ್ತಿದ್ದ. "ಬ್ಯಾಡ ಅಕ್ಕಾ, ಶನಿವಾರ ಕಾಟಾ ಐತಿ" ಎನ್ನುತ್ತಿದ್ದ. ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಅವನ ಅಂಗಿಗಳನ್ನು ನಾನೇ ಹೊಲಿಯುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಅಂಗಿಯ ಉದ್ದ ಹೆಚ್ಚುತ್ತ ಹೋಯಿತು, ತೋಳು ಉದ್ದವಾಯಿತು, ಎದೆಯ ಅಳತೆ ಮಾತ್ರ ಇದ್ದಲ್ಲೇ ನಿಂತಿತ್ತು. ಟೇಪು ಹಿಡಿದು ನಿಂತಾಗೆಲ್ಲ ಮಾವನಿಗೆ ಶಾಪ ಹಾಕುತ್ತಿದ್ದೆ. ಊರಿನಲ್ಲಿ ಮಾತ್ರ ಜಯಘೋಷ. ಗೋಡೆಯ ಮಾಡದಲ್ಲಿ ಕಪ್ಪುಗಳು, ತಾಟಿನಲ್ಲಿ ಒಂದೇ ರೊಟ್ಟಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಸುಮ್ಮನೆ ಅಂದಿಲ್ಲ ಹಿರಿಯರು. ನಮ್ಮ ಮನೆಯಲ್ಲಂತೂ ಹಿಟ್ಟು ಗಿರಣಿಯ ತುಂಬ ಇತ್ತು.

ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ನಾನು ಒಂದು ಹಟ ಹಿಡಿದೆ. ರಾಣೆಬೆನ್ನೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಆನಂದತೀರ್ಥ ಎಂಬ ಆಟದ ಮಾಸ್ತರರಿದ್ದರು. ಪ್ರತಿ ವರ್ಷ ಬೇಸಿಗೆಯಲ್ಲಿ ಹಳ್ಳಿಯ ಹುಡುಗರನ್ನು ಕರೆಸಿ ಆಡಿಸಿ ನೋಡಿ ಕಾಲೇಜು ತಂಡಕ್ಕೆ ಆರಿಸುತ್ತಿದ್ದರು. ಆರಿಸಿದವರಿಗೆ ಫೀ ಇಲ್ಲ, ಹಾಸ್ಟೆಲ್ಲಿನಲ್ಲಿ ಊಟ ವಸತಿ, ಮೂರು ವರ್ಷ ಅವರ ಕೈಕೆಳಗೆ ತಯಾರಿ. ಅವರ ಕೈಯಲ್ಲಿ ಪಳಗಿದ ಹುಡುಗರು ಯೂನಿವರ್ಸಿಟಿ ತಂಡಕ್ಕೆ ಆಡಿ, ಕ್ರೀಡಾ ಕೋಟಾದಲ್ಲಿ ಪೊಲೀಸು, ರೈಲ್ವೆ ಅಂತ ಸೇರಿಕೊಂಡಿದ್ದರು. ಪುಂಡಲೀಕನಿಗೆ ಓದು ಅಷ್ಟಕ್ಕಷ್ಟೇ. ಇರುವ ಹೊಲ ಒಬ್ಬರ ಹೊಟ್ಟೆಗೂ ಸಾಲದು. ಆ ಕಾಲೇಜು ಸಿಕ್ಕರೆ ಅವನ ಬಾಳು ಒಂದು ದಡ ಸೇರುತ್ತದೆ, ಸಿಗದಿದ್ದರೆ ಇಲ್ಲ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮಾವನಿಗೆ ಹೇಳದೆ ಅವನನ್ನು ಕರೆದುಕೊಂಡು ರಾಣೆಬೆನ್ನೂರಿನ ಬಸ್ ಹತ್ತಿದೆ.

ಕಾಲೇಜಿನ ಮೈದಾನದಲ್ಲಿ ಮ್ಯಾಟು ಹಾಸಿದ್ದರು. ಎದುರಿಗೆ ಕಾಲೇಜಿನ ದೊಡ್ಡ ಹುಡುಗರು, ಒಬ್ಬೊಬ್ಬರ ತೊಡೆ ಪುಂಡಲೀಕನ ಸೊಂಟದಷ್ಟು. ಮೊದಲ ರೇಡಿನಲ್ಲಿ ಒಬ್ಬನನ್ನು ಮುಟ್ಟಿ ಬಂದ. ಎರಡನೆಯದರಲ್ಲಿ ಇಬ್ಬರನ್ನು. ಮೂರನೆಯ ಸಲ ಮೂಲೆಯಲ್ಲಿದ್ದವನು ಅವನ ಪಾದ ಹಿಡಿದ. ಹಿಡಿದು ಎತ್ತಿ ಆಚೆ ಇಟ್ಟ, ಕೂಸನ್ನು ತೊಟ್ಟಿಲಿನಿಂದ ಎತ್ತಿ ಇಟ್ಟ ಹಾಗೆ. ನೋಡುತ್ತಿದ್ದವರು ನಕ್ಕರು. ಆನಂದತೀರ್ಥ ಸರ್ ನಗಲಿಲ್ಲ. ಅವನನ್ನು ಹತ್ತಿರ ಕರೆದು ಹೆಗಲು ಮುಟ್ಟಿ ನೋಡಿದರು, ಮುಂಗೈಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿದರು.

"ಏನ್ ತಿಂತೀಪಾ?" ಎಂದು ಕೇಳಿದರು.

"ರೊಟ್ಟಿರಿ ಸರ್."

"ಎಷ್ಟು?"

ಪುಂಡಲೀಕ ನನ್ನ ಕಡೆ ನೋಡಿದ. ಆಮೇಲೆ, "ಒಂದ್ರಿ" ಅಂದ.

"ನಿನ್ನ ವಯಸ್ಸಿನಾಂವ ಒಂದ ರೊಟ್ಟಿ ತಿಂತಾನಂದ್ರ ಮನ್ಯಾಗ ಬಡತನ ಇರಬೇಕು, ಇಲ್ಲಾ ಮೈಯಾಗ ಬ್ಯಾನಿ ಇರಬೇಕು. ನಿಮ್ಮಲ್ಲೆ ಯಾವದು ಅದ?"

ನಾನು ತಡೆಯಲಿಲ್ಲ. "ಎರಡೂ ಇಲ್ರಿ ಸರ್. ಮಾವ ಅದಾನ್ರಿ" ಅಂದೆ. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ.

ಸರ್ ಪೂರ್ತಿ ಕೇಳಿ ಪುಂಡಲೀಕನ ಕಡೆ ತಿರುಗಿದರು. "ಕಾಲು ಅವ, ಕಣ್ಣು ಅದ. ಮೈ ಒಂದ ಇಲ್ಲ. ಮೈ ನಾ ಬೆಳಸ್ತೇನಿ, ಆದ್ರ ಬುನಾದಿ ನೀ ಹಾಕ್ಕೊಂಡ ಬರಬೇಕು. ಜೂನ್ ತಿಂಗಳ ನಡುವಿಗೆ ಅಡ್ಮಿಷನ್. ಅಷ್ಟರಾಗ ಅರವತ್ತು ದಾಟಿಸ್ಕೊಂಡ ಬಾ. ಅಲ್ಲೀತನಾ ಎಲ್ಲೂ ಆಡಬ್ಯಾಡ. ಯಾವ ಕಿಲೋದಾಗೂ ಆಡಬ್ಯಾಡ. ತಿಳೀತಿಲ್ಲೋ?" ಅವನು ತಲೆಯಾಡಿಸಿದ. ಪಕ್ಕದಲ್ಲಿ ಐರಣಿಯಿಂದ ಬಂದಿದ್ದ ಅಬ್ರಾರ ಎಂಬ ಹುಡುಗ ನಿಂತಿದ್ದ. ಅವನೂ ರೇಡರ್, ಅವನೂ ಐವತ್ತೈದರವನೇ, ಅವನೂ ಕಡ್ಡಿ. ಅವನಿಗೂ ಅದೇ ಮಾತು ಹೇಳಿದರು. "ರೇಡರ್ ಜಾಗಾ ಒಂದ ಉಳದದ. ಇಬ್ಬರೂ ತಯಾರಾಗಿ ಬರ್ರಿ, ಆವಾಗ ನೋಡೋಣು" ಎಂದರು.

ಪುಂಡಲೀಕನನ್ನು ಕರ್ಜಗಿಗೆ ಕಳಿಸಲಿಲ್ಲ. ಹಾವೇರಿಯಲ್ಲಿ ನನ್ನ ಮನೆಯಲ್ಲೇ ಇಟ್ಟುಕೊಂಡೆ. ಮೊದಮೊದಲು ಎರಡನೆಯ ರೊಟ್ಟಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ತಿನ್ನುವಾಗ ಬಾಗಿಲ ಕಡೆ ನೋಡುತ್ತಿದ್ದ, ಯಾರಾದರೂ ಬಂದುಬಿಟ್ಟರೆ ಅನ್ನುವ ಹಾಗೆ. ತನ್ನ ಊಟವನ್ನೇ ಕದ್ದು ತಿನ್ನುವ ಹುಡುಗನನ್ನು ನಾನು ಅವನೊಬ್ಬನನ್ನೇ ಕಂಡಿದ್ದೇನೆ. ಹಾಲು, ಬಾಳೆಹಣ್ಣು, ನೆನೆಸಿದ ಶೇಂಗಾ, ಮೊಟ್ಟೆ, ತುಪ್ಪ ಹಾಕಿದ ಅನ್ನ. ನಿಧಾನವಾಗಿ ಹಿಡಿಯಿತು. ಮೇ ತಿಂಗಳ ಕೊನೆಗೆ ಟೇಪು ಹಿಡಿದರೆ ಎದೆ ಹಳೆಯ ಅಳತೆ ದಾಟಿತ್ತು. ಕೆನ್ನೆ ತುಂಬಿತ್ತು. ತೂಕ ಅರವತ್ತರ ಹತ್ತಿರ ಬಂದಿತ್ತು. ಒಂದು ದಿನ ತಾನಾಗಿಯೇ, "ಅಕ್ಕಾ, ಇನ್ನೊಂದ ರೊಟ್ಟಿ ಐತೇನು?" ಅಂತ ಕೇಳಿದ. ಆ ದಿನ ನನಗೆ ಆದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮಾರನೆಯ ವಾರ ಮಾವ ಬಂದ, ಜೊತೆಗೆ ಅವ್ವನನ್ನು ಕರೆದುಕೊಂಡು. ಬ್ಯಾಡಗಿಯಲ್ಲಿ ಐವತ್ತೈದು ಕಿಲೋ ಪಂದ್ಯಾವಳಿ. ಹಿಂದಿನ ವರ್ಷ ಅಲ್ಲಿ ಫೈನಲ್ಲಿನಲ್ಲಿ ಕರ್ಜಗಿಯವರು ಐರಣಿಯ ಮುಂದೆ ಸೋತಿದ್ದರು. ಐರಣಿಯ ಹುಡುಗರು ಅದನ್ನು ವೀಡಿಯೊ ಮಾಡಿ, "ಕರ್ಜಗಿಯವರು ರೊಟ್ಟಿನೂ ಬಿಟ್ಟರು, ಕಪ್ಪೂ ಬಿಟ್ಟರು" ಎಂದು ಹಾಡು ಕಟ್ಟಿ ಎಲ್ಲರ ಮೊಬೈಲಿಗೆ ಕಳಿಸಿದ್ದರು. ವರ್ಷವಿಡೀ ಅದು ಮಾವನ ಎದೆಯಲ್ಲಿ ಮುಳ್ಳಾಗಿತ್ತು. ಪುಂಡಲೀಕ ಊಟಕ್ಕೆ ಕುಳಿತಿದ್ದ. ಮಾವ ಎದುರಿಗೆ ಕುಳಿತು ಅವನ ಕೆನ್ನೆ ನೋಡಿದ, ತಾಟು ನೋಡಿದ.

"ಇದೊಂದ ಆಟ, ಪುಂಡಲೀಕ. ಕಡೀದು. ಆಮ್ಯಾಲೆ ನಿನ್ನ ಯಾರೂ ಕರಿಯಂಗಿಲ್ಲ" ಎಂದ.

"ಸರ್ ಆಡಬ್ಯಾಡ ಅಂತ ಹೇಳ್ಯಾರ ಮಾವ. ಅರವತ್ತು ದಾಟಿಸ್ಕೊಂಡ ಬಾ ಅಂದಾರ" ಎಂದೆ ನಾನು.

"ಯಾವ ಸರ್? ಅಂವಗ ಇಂವ ಸಿಕ್ಕದ್ದು ಯಾರಿಂದ? ಕೈ ಹಿಡದು ಅಂಕಣಕ್ಕ ಇಳಿಸಿದಾಂವ ನಾ. ಹೋದ ತೂಕ ವಾರದಾಗ ಬರತೈತಿ. ಹೋದ ಮರ್ಯಾದಿ ಬರಂಗಿಲ್ಲ."

"ಯಾರ ಮರ್ಯಾದಿ? ನಿನ್ನ ಗಿರಣಿ ಕಟ್ಟಿ ಮ್ಯಾಲೆ ಕುಂತಾವ್ರದೇನು?"

ಅವ್ವ ನಡುವೆ ಬಾಯಿ ಹಾಕಿದಳು. "ಹಂಗ ಮಾತಾಡಬ್ಯಾಡ ಸುಚಿತ್ರಾ. ಅಪ್ಪ ಇಲ್ಲದ ಮಕ್ಕಳಿಗೆ ಅಪ್ಪ ಆಗಿ ನಿಂತಾನ. ಬಾಯಿ ಬಿಟ್ಟು ಒಂದ ಮಾತ ಕೇಳಾಕತ್ತಾನ." ಮಾವನ ಕಣ್ಣಲ್ಲಿ ನೀರು ಬಂದಿತ್ತು. ನಾಟಕದ ನೀರಲ್ಲ, ಖರೇ ನೀರು. ಪುಂಡಲೀಕ ಯಾರ ಮುಖವನ್ನೂ ನೋಡಲಿಲ್ಲ. ಅರ್ಧ ತಿಂದ ತಾಟನ್ನು ಮೆಲ್ಲಗೆ ಮುಂದಕ್ಕೆ ಸರಿಸಿದ. ಅಲ್ಲಿಗೆ ಎಲ್ಲ ಮುಗಿದಿತ್ತು. ಸಂಜೆಯ ಬಸ್ಸಿಗೆ ಮೂವರೂ ಕರ್ಜಗಿಗೆ ಹೋದರು.

ಬ್ಯಾಡಗಿಗೆ ನಾನು ಹೋದೆ. ತಡೆಯಲು ಅಲ್ಲ, ತಡೆಯುವ ಕಾಲ ಮುಗಿದಿತ್ತು. ಹುಡುಗ ಎಲ್ಲಿ ಬೀಳುತ್ತಾನೋ ಅಂತ ಹೋದೆ. ಮುಂಗಾರಿನ ಮಿರಗದ ಮಳೆ ಇನ್ನೂ ಹಿಡಿದಿರಲಿಲ್ಲ, ಬೆಳಿಗ್ಗೆಯೇ ಬಿಸಿಲು ಉರಿಯುತ್ತಿತ್ತು. ಪುಂಡಲೀಕನ ತುಟಿಗಳು ಒಡೆದು ಬಿಳಿಚಿದ್ದವು. ನಾನು ಮಾತಾಡಿಸಿದರೆ ತಲೆಯಾಡಿಸುತ್ತಿದ್ದ, ಬಾಯಲ್ಲಿ ಎಂಜಲು ಕೂಡಿಸಿಕೊಳ್ಳುತ್ತಿದ್ದ. ಮೊದಲ ಸಲ ಕಾಟಾ ಹತ್ತಿದಾಗ ತೂಕ ಸ್ವಲ್ಪ ಮೀರಿತು. ಪಂಚರು ಇನ್ನೊಂದು ಅವಕಾಶ ಕೊಟ್ಟರು. ಮಾವ ಅವನಿಗೆ ಮತ್ತೆ ರೇನ್‌ಕೋಟು ಹಾಕಿಸಿ ಮೈದಾನದ ಸುತ್ತ ಓಡಿಸಿದ, ತಾನೂ ಜೊತೆಗೆ ಓಡಿದ, ಆ ವಯಸ್ಸಿನಲ್ಲಿ, ಧೋತರ ಎತ್ತಿ ಕಟ್ಟಿ. ಎರಡನೆಯ ಸಲ ಹತ್ತಿದಾಗ ಸುತ್ತಲೂ ಟವೆಲ್ ಹಿಡಿದು ಚಡ್ಡಿಯನ್ನೂ ಬಿಚ್ಚಿಸಿದರು. ಮುಂಗೈಗೆ ಶಿಕ್ಕಾ ಬಿತ್ತು. ಊರ ಹುಡುಗರು ಕೇಕೆ ಹಾಕಿದರು. ನಾನು ಆಚೆ ಮುಖ ತಿರುಗಿಸಿದೆ.

ಫೈನಲ್ ಇಳಿಹೊತ್ತಿಗೆ, ಮತ್ತೆ ಐರಣಿಯ ಜೊತೆಗೇ. ಆದರೆ ಐರಣಿಯ ತಂಡದಲ್ಲಿ ಅಬ್ರಾರ ಇರಲಿಲ್ಲ. ನೋಡಿದರೆ ನನ್ನ ಪಕ್ಕದಲ್ಲೇ ಹಗ್ಗದ ಈಚೆ ನಿಂತಿದ್ದಾನೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಗುರುತು ಹಿಡಿಯುವುದೇ ಕಷ್ಟ, ಅಷ್ಟು ಮೈ ಬಂದಿತ್ತು. ಅವನ ಊರಿನವರು ಹೋಗುತ್ತ ಬರುತ್ತ ಅವನ ಕಡೆ ನೋಡಿ ಉಗುಳುತ್ತಿದ್ದರು.

"ನೀ ಆಡಂಗಿಲ್ಲೇನು?" ಎಂದು ಕೇಳಿದೆ.

"ಸರ್ ಬ್ಯಾಡ ಅಂದಾರಲ್ಲ ಅಕ್ಕಾ."

"ಊರಾಗ ಬೈಲಿಲ್ಲೇನು?"

"ಬೈದ್ರು. ಮನಿತನಾ ಬಂದು ಬೈದ್ರು." ಅವನು ಇನ್ನೊಂದು ಹಣ್ಣಿನ ಸಿಪ್ಪೆ ಸುಲಿದ. "ಅಮ್ಮ ಅಂದ್ಲು, ಬೈಗಳದಿಂದ ತೂಕ ಇಳಿಯಂಗಿಲ್ಲ, ನೀ ಉಣ್ಣು ಅಂತ."

ಆ ತಾಯಿಯ ಹೆಸರು ಮೈಮುನಾಬಿ ಅಂತ ಆಮೇಲೆ ಕೇಳಿ ತಿಳಿದೆ. ಅಂಥ ಒಂದು ಮಾತು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ.

ನಾವು ಗೆದ್ದೆವು. ಗೆಲ್ಲದೆ ಏನು, ಅಬ್ರಾರ ಇಲ್ಲದ ಐರಣಿಯನ್ನು. ಕೊನೆಯ ರೇಡಿಗೆ ಹೋದ ಪುಂಡಲೀಕ ಇಬ್ಬರನ್ನು ಮುಟ್ಟಿ ಬಂದು ಗೆರೆಯ ಈಚೆ ಬಿದ್ದ. ಬಿದ್ದವನನ್ನು ಎಬ್ಬಿಸಿ ನೀರು ಕೊಡುವ ಬದಲು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡರು. ಕರ್ಜಗಿಯಲ್ಲಿ ಹಲಗೆ, ಗುಲಾಲು, ಪಟಾಕಿ. ಮಾವ ಅಳುತ್ತ ಕುಣಿದ. ಮನೆಗೆ ಮಾರಿ, ಊರಿಗೆ ಉಪಕಾರಿ. ಮೆರವಣಿಗೆ ಮನೆ ಮುಟ್ಟುವ ಮೊದಲೇ ಪುಂಡಲೀಕನಿಗೆ ಚಳಿ ಹತ್ತಿತು. ಮಾರನೆಯ ದಿನ ಜ್ವರ. ಹಾವೇರಿಯ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು, ಮೈಯಲ್ಲಿ ನೀರೇ ಇಲ್ಲ ಅಂದರು. ಜ್ವರ ಬಿಟ್ಟರೂ ಬಾಯಿಗೆ ರುಚಿ ಬರಲಿಲ್ಲ. ಅನ್ನದ ಅಗುಳು ಕಂಡರೆ ವಾಕರಿಸುತ್ತಿದ್ದ. ವಾರದಲ್ಲಿ ಬರುತ್ತದೆಂದು ಮಾವ ಹೇಳಿದ ತೂಕ ಬರಲಿಲ್ಲ, ಇದ್ದದ್ದೂ ಇಳಿಯಿತು.

ಅಡ್ಮಿಷನ್ನಿನ ದಿನ ಬಂತು. ಮಾವ ಬೆಳಿಗ್ಗೆಯೇ ಬಂದು ಬ್ಯಾಡಗಿಯ ಕಪ್ಪನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು ಕೊಟ್ಟ. "ಸರ್ಗೆ ತೋರಸು. ಎಂಥಾ ಆಟಗಾರ ಅಂತ ಗೊತ್ತಾಗಲಿ. ತೂಕ ಕೇಳಂಗಿಲ್ಲ ಆಮ್ಯಾಲೆ" ಅಂದ. ಅವನು ಅದನ್ನು ಖರೇ ನಂಬಿದ್ದ. ಜಗತ್ತಿನಲ್ಲಿ ಕಪ್ ನೋಡಿ ಕರಗದ ಮನುಷ್ಯ ಇದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಬೇಡವೆಂದೆ. ಪುಂಡಲೀಕ ಚೀಲವನ್ನು ತೆಗೆದುಕೊಂಡ. ಮಾವ ಕೊಟ್ಟದ್ದನ್ನು ಅವನು ಎಂದೂ ತಿರುಗಿ ಕೊಟ್ಟವನಲ್ಲ.

ಕಾಲೇಜಿನ ಮೈದಾನದಲ್ಲಿ ಆಗಲೇ ಹುಡುಗರು ಆಡುತ್ತಿದ್ದರು, ಅವರಲ್ಲಿ ಅಬ್ರಾರನೂ ಇದ್ದ. ಪುಂಡಲೀಕ ಸರ್ ಎದುರಿಗೆ ಹೋಗಿ ನಿಂತು, ರೂಢಿಯಂತೆ ಅಂಗಿಯ ಗುಂಡಿ ಬಿಚ್ಚತೊಡಗಿದ.

"ಕಾಟಾ ಎಲ್ಲೈತ್ರಿ ಸರ್?" ಎಂದು ಕೇಳಿದ.

"ಕಾಟಾ ಬ್ಯಾಡ. ಅಂಗಿ ಹಾಕ್ಕೋ" ಎಂದರು ಆನಂದತೀರ್ಥ ಸರ್. ಚೀಲದ ಕಡೆ ನೋಡಿದರು. "ಏನದು?"

ಅವನು ಟವೆಲು ಬಿಚ್ಚಿ ಕಪ್ಪನ್ನು ಹೊರಗೆ ತೆಗೆದ. ಸರ್ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಛಲೋ ಆಡೀದಿ. ಫೈನಲ್ ಮೊಬೈಲಿನಾಗ ನೋಡೇನಿ. ಅಂಥಾ ಕಡೀ ರೇಡ್ ನಮ್ಮ ಕಾಲೇಜಿನಾಗ ಯಾರೂ ಮಾಡ್ಲಿಕ್ಕಿಲ್ಲ" ಎಂದರು. ಒಂದು ಕ್ಷಣ ನನಗೆ ಆಸೆ ಹುಟ್ಟಿತು.

"ಸರ್, ಹಿರ್ಯಾರ ಮಾತು ಮೀರಾಕ ಆಗಲಿಲ್ರಿ ಅವಂಗ. ಜ್ವರ ಬೇರೆ ಬಂತು. ತೂಕ ಬರತೈತ್ರಿ" ಎಂದೆ.

"ತೂಕ ಬರ್ತದ ತಾಯಿ, ಅದಕ್ಕ ನಾ ಏನೂ ಅನ್ನೂದಿಲ್ಲ." ಅವರು ಪುಂಡಲೀಕನ ಹತ್ತಿರ ಬಂದು ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೂರು ವರ್ಷ ನಿನ್ನ ಊಟ, ನಿನ್ನ ನಿದ್ದಿ, ನಿನ್ನ ಮೈ ನನ್ನ ಕೈಯಾಗ ಇರಬೇಕು. ಒಂದ ಕೇಳ್ತೇನಿ, ಖರೇ ಹೇಳು. ದಸರಾದಾಗ ನಿಮ್ಮ ಮಾವ ಮತ್ತ ಒಂದು ಐವತ್ತೈದು ಕಿಲೋ ಆಟಕ್ಕ ಕರದ್ರ ಏನಂತೀ?"

ಇಲ್ಲ ಅನ್ನು, ಒಲ್ಲೆ ಅಂತ ಒಂದು ಸುಳ್ಳಾದರೂ ಹೇಳು ಎಂದು ಒಳಗೇ ದೇವರಿಗೆ ಮೊರೆಯಿಟ್ಟೆ. ಬೇರೆ ಯಾವ ಹುಡುಗನಾದರೂ ಹೇಳುತ್ತಿದ್ದ. ಪುಂಡಲೀಕ ನೆಲ ನೋಡಿದ, ಕಪ್ ನೋಡಿದ.

"ಮಾವ ಕರದ್ರ, ಹ್ಯಾಂಗ ಒಲ್ಲೆ ಅನ್ನಲ್ರಿ ಸರ್?" ಎಂದ.

ಸರ್ ಅವನ ಹೆಗಲ ಮೇಲೆ ಕೈಯಿಟ್ಟರು. "ಭಾಳ ಒಳ್ಳೆ ಹುಡುಗ ನೀ. ನನಗ ಆಗಿಬರೂದಿಲ್ಲ" ಎಂದರು. ಜಾಗ ಅಬ್ರಾರನಿಗೆ ಕೊಟ್ಟದ್ದಾಗಿ ಹೇಳಿದರು. ನಾನು ಅವರ ಜೊತೆ ಜಗಳಾಡಬೇಕೆಂದು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ನನಗೆ ಮಾತು ಸಿಗಲಿಲ್ಲ. ಆ ಮನುಷ್ಯನ ಮೇಲೆ ಸಿಟ್ಟು ಇವತ್ತಿಗೂ ಇದೆ, ಆದರೆ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿ ಹುಡುಕಿ ಸೋತಿದ್ದೇನೆ. ಶಿಸ್ತು ಇರಲಿಲ್ಲ ಅನ್ನುವವರು ಕೇಳಿಸಿಕೊಳ್ಳಲಿ. ನನ್ನ ತಮ್ಮನಲ್ಲಿ ಇದ್ದದ್ದು ಶಿಸ್ತು ಒಂದೇ.

ಬಸ್ಸಿನಲ್ಲಿ ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಹಾವೇರಿಯಲ್ಲಿ ಇಳಿದು ನಮ್ಮ ಮನೆಗೆ ಬಾ ಎಂದರೆ, ಅವ್ವ ಕಾಯುತ್ತಿರುತ್ತಾಳೆ ಎಂದ. ನಾನೂ ಅವನ ಜೊತೆ ಕರ್ಜಗಿಗೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ಕಂಡು ಕೈ ನಿಲ್ಲಿಸಿದಳು.

"ಏನಂದ್ರೋ? ತೂಕ ಕಮ್ಮಿ ಆತಂದ್ರೇನು?"

"ತೂಕ ನೋಡಲಿಲ್ಲವ್ವ" ಎಂದ ಪುಂಡಲೀಕ. ಕೈಕಾಲು ತೊಳೆದು ಬಂದು ತಾಟಿನ ಮುಂದೆ ಕುಳಿತ. "ಹಾಕು. ಹಸಿವ್ಯಾಗೈತಿ."

ಅವ್ವ ಬಿಸಿ ರೊಟ್ಟಿ ಹಾಕಿದಳು, ಬದನೆಕಾಯಿ ಪಲ್ಯ ಹಾಕಿದಳು. ಅವನು ಒಂದು ರೊಟ್ಟಿ ತಿಂದ, ಎರಡನೆಯದನ್ನು ತಿಂದ. ಮೂರನೆಯದಕ್ಕೆ ತಾನೇ ಕೈ ಚಾಚಿದ. ಮೊಸರು ಕೇಳಿ ಹಾಕಿಸಿಕೊಂಡ. ವಾಕರಿಸಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ಅವ್ವನಿಗೆ ಹಿಗ್ಗು ತಡೆಯಲಾಗಲಿಲ್ಲ. ಹಿಟ್ಟು ಸಾಲದೆಂದು ಎದ್ದು ಮತ್ತೆ ಡಬ್ಬಿ ತೆಗೆದಳು. "ನೋಡಿದೇನ ಸುಚಿತ್ರಾ, ಹಸಿವಿ ಬಂತು ನನ್ನ ಮಗಗ. ಹಾಸ್ಟೆಲಿನ್ಯಾಗ ಬಿಸಿ ರೊಟ್ಟಿ ಕೊಡ್ತಾರೋ ಇಲ್ಲೋ, ಹೋಗೋದರೊಳಗ ಇಲ್ಲೇ ಹೊಟ್ಟಿ ತುಂಬ ಉಂಡು ಹೋಗಲಿ" ಎಂದಳು.

ನಾನು ಗೋಡೆಗೆ ಒರಗಿ ನಿಂತೆ. ಪುಂಡಲೀಕ ತಾಟಿನಿಂದ ತಲೆ ಎತ್ತಲಿಲ್ಲ.

"ಇನ್ನೊಂದ ಹಾಕವ್ವ" ಅಂದ.